ತವರಿಗೆ ಹೋದ ಮೂರನೆಯ ರಾಣಿ

ನೆನೆಸಿಟ್ಟ ಬೀಡಿ ಎಲೆಯ ಕಟ್ಟನ್ನು ಗೋಣಿಯಿಂದ ಬಿಡಿಸಿ, ಒಂದೊಂದೇ ಎಲೆಯ ಮೇಲೆ ತಗಡಿನ ಅಳತೆ ಇಟ್ಟು ಸೇವಂತಿ ಕತ್ತರಿ ಆಡಿಸುತ್ತಿದ್ದಳು. ದಪ್ಪ ನರ ಬಂದರೆ ಸುತ್ತುವಾಗ ಎಲೆ ಒಡೆಯುತ್ತದೆ, ಅದನ್ನು ತಪ್ಪಿಸಬೇಕು. ಈಗೀಗ ನರ ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೇ ಕಾಣಬೇಕು. ಪಕ್ಕದ ಮನೆಯ ಕದೀಜಮ್ಮ ಎದುರಿಗೆ ಕಾಲು ಚಾಚಿ ಕೂತು, ಕತ್ತರಿಸಿದ ಎಲೆಯನ್ನು ತೆಗೆದುಕೊಂಡು ಬೀಡಿ ಸುತ್ತುತ್ತಿದ್ದಳು. ಇಬ್ಬರ ನಡುವೆ ನೂಲಿನ ಡಬ್ಬಕ್ಕೆ ಒರಗಿಸಿದ ಮೊಬೈಲು ಕಥೆ ಓದುತ್ತಿತ್ತು.

“ಆಗ ಸಾಮ್ರಾಟ ವೀರಾಂಶುವು ತನ್ನ ಏಳನೆಯ ರಾಣಿಯ ಕೈ ಹಿಡಿದನು,” ಎಂದಿತು ಮೊಬೈಲು, ಬಸ್‌ಸ್ಟ್ಯಾಂಡಿನ ಮೈಕಿನಲ್ಲಿ ಊರಿನ ಹೆಸರು ಕೂಗುವವಳ ದನಿಯಲ್ಲಿ. “ಉಳಿದ ರಾಣಿಯರು ಒಬ್ಬರನ್ನೊಬ್ಬರು ನೋಡಿ ನಕ್ಕರು.”

“ನಕ್ಕರಂತೆ,” ಎಂದಳು ಕದೀಜಮ್ಮ. “ಎಂತಕ್ಕೆ ನಕ್ಕದ್ದು ಅಂತ ಕೇಳಿ ಸೇವಂತಿಯಕ್ಕ, ನಿಮ್ಮ ಮೊಬೈಲಿನ ಹತ್ರ.”

“ಅದು ಹೇಳುದಿಲ್ಲ. ಹೊಸಬಳು ಬಂದಾಗೆಲ್ಲ ಹಳಬರು ನಗುದೇ.”

“ನಮ್ಮಲ್ಲಿ ನಾಲ್ಕು ಆಗ್ಬಹುದು ಅಂತ ಉಂಟು. ಅದೂ ನಾಲ್ವರನ್ನು ಒಂದೇ ತಕ್ಕಡಿಯಲ್ಲಿ ತೂಗ್ಲಿಕ್ಕೆ ಗೊತ್ತಿದ್ದವನಿಗೆ. ನಮ್ಮ ಮನೆಯವರಿಗೆ ನನ್ನೊಬ್ಬಳನ್ನೇ ತೂಗ್ಲಿಕ್ಕೆ ಆಗ್ಲಿಲ್ಲ. ಇವ ಏಳು ಜನರನ್ನು ಕಟ್ಟಿಕೊಂಡು ಯುದ್ಧಕ್ಕೂ ಹೋಗ್ತಾನೆ. ಇವನಿಗೆ ಸೊಂಟ ನೋವು ಅಂತ ಒಂದು ಇಲ್ವಾ?”

“ಯಾರಿಗೂ ಇಲ್ಲ. ಇಡೀ ಕಥೆಯಲ್ಲಿ ಒಬ್ಬರಿಗೂ ಇಲ್ಲ.”

“ಮತ್ತೆ ಆ ನರಿಬಾಲದವಳು, ಎರಡನೆಯವಳು. ಬಾಲ ಇಟ್ಟುಕೊಂಡು ಸೀರೆ ಹೇಗೆ ಉಡುದು ಮಾರಾಯ್ತಿ? ನಾನು ನಿನ್ನೆಯಿಂದ ಅದನ್ನೇ ಆಲೋಚನೆ ಮಾಡುದು.”

ಸೇವಂತಿಗೆ ನಗು ಬಂತು, ಆದರೆ ನಗುವುದಕ್ಕೂ ಬೆನ್ನು ನೆಟ್ಟಗಾಗಬೇಕು. ಅವಳು ಮೂಗಿನಲ್ಲೇ ಉಸಿರುಬಿಟ್ಟು ಮುಂದಿನ ಎಲೆ ತೆಗೆದುಕೊಂಡಳು.

ಕಥೆ ಬರೆದವಳು ಹೊರಗಿನವಳಲ್ಲ, ದೀಪಶ್ರೀ. ಸೇವಂತಿಯ ಗಂಡನ ಅಣ್ಣನ ಮಗ ಲತೀಶನ ಮಗಳು. ಬೆಳ್ಳಾರೆ ಪೇಟೆಯ ಹಿಂದಿನ ಈ ಹಂಚಿನ ಮನೆಯಲ್ಲಿ ಲತೀಶ, ಅವನ ಹೆಂಡತಿ ಭವಿತಾ, ದೀಪಶ್ರೀ ಮತ್ತು ಸೇವಂತಿ ಇರುವುದು. ದೀಪಶ್ರೀಗೆ ಪುತ್ತೂರಿನಲ್ಲಿ ಝೆರಾಕ್ಸ್ ಅಂಗಡಿಯ ಕೆಲಸ. ಹೋಗುವ ಬಸ್ಸಿನಲ್ಲಿ ಅರ್ಧ ಅಧ್ಯಾಯ, ಬರುವ ಬಸ್ಸಿನಲ್ಲಿ ಅರ್ಧ ಅಧ್ಯಾಯ ಬರೆದು, ‘ಖಡ್ಗಧಾರಿ’ ಎಂಬ ಗಂಡು ಹೆಸರಿನಲ್ಲಿ ಮೊಬೈಲಿನ ಕಥೆಯ ಆ್ಯಪಿಗೆ ಹಾಕುತ್ತಾಳೆ. ಸಂಪಾಜೆ ಘಾಟಿಯಲ್ಲಿ ಟ್ಯಾಂಕರ್ ಬಡಿದು ಸತ್ತ ಪಾರ್ಸೆಲ್ ಹುಡುಗನೊಬ್ಬ ಇನ್ನೊಂದು ಲೋಕದಲ್ಲಿ ರಾಜಕುಮಾರನಾಗಿ ಹುಟ್ಟುತ್ತಾನೆ. ಶತ್ರುವನ್ನು ಗೆದ್ದಾಗೆಲ್ಲ ಅವನ ಶಕ್ತಿ ಏರುತ್ತದೆ, ಶಕ್ತಿ ಏರಿದಾಗೆಲ್ಲ ಒಬ್ಬ ರಾಣಿ ಸಿಗುತ್ತಾಳೆ. ಓದುವವರು ಬಹಳ. “ಮುಂದಿನ ಭಾಗ ಬೇಗ ಹಾಕು ಬ್ರೋ” ಎಂದು ದಿನಾ ಬರೆಯುತ್ತಾರೆ.

ಇನ್ನು ಕೊನೆಯ ಅಧ್ಯಾಯ ಮಾತ್ರ ಬಾಕಿ. ಅದನ್ನು ಬರೆಯಲು ಕೂತರೆ ದೀಪಶ್ರೀಗೆ ಕೈ ಓಡಲಿಲ್ಲ. ಏನೋ ತಪ್ಪಿದೆ, ಏನೆಂದು ತಿಳಿಯುವುದಿಲ್ಲ. ಬ್ರೋಗಳನ್ನು ಕೇಳಿ ಪ್ರಯೋಜನವಿಲ್ಲ. ಕೆಲವು ದಿನಗಳ ಹಿಂದೆ ಅಜ್ಜಿಯ ಹತ್ತಿರ ಬಂದು ಕೂತಿದ್ದಳು.

“ಅಜ್ಜಿ, ನೀವು ಪೂರ್ತಿ ಕೇಳಿ. ಎಂತ ಒಳ್ಳೆದುಂಟು, ಎಂತ ಸರಿ ಇಲ್ಲ ಅಂತ ಕಾಗದದಲ್ಲಿ ಬರೆದು ಕೊಡಿ. ಬಾಯಲ್ಲಿ ಹೇಳಿದ್ರೆ ನನಗೆ ಸಿಟ್ಟು ಬರ್ತದೆ, ಜಗಳ ಆಗ್ತದೆ. ಬರೆದದ್ದಾದ್ರೆ ಬಸ್ಸಲ್ಲಿ ಓದ್ತೇನೆ.”

“ನಾನು ರಾತ್ರಿ ಶಾಲೆಯಲ್ಲಿ ಕಲಿತವಳು ಮಗ. ನನಗೆ ಎಂತ ಗೊತ್ತು ರಾಜರ ಕಥೆ?”

“ರಾಜ ಇರಲಿ. ರಾಣಿಯರದ್ದು ನಿಮಗೆ ಗೊತ್ತುಂಟಲ್ಲ,” ಎಂದು ಬಿಟ್ಟಳು ದೀಪಶ್ರೀ. ಆಮೇಲೆ ನಾಲಿಗೆ ಕಚ್ಚಿಕೊಂಡಳು.

ಆ ಮಾತಿಗೆ ಸೇವಂತಿ ಸಿಟ್ಟಾಗಲಿಲ್ಲ. ಸಿಟ್ಟಾಗುವಷ್ಟು ಕಸು ಅವಳಲ್ಲಿ ಉಳಿದಿರಲಿಲ್ಲ. ಅವಳ ಗಂಡ ಅಚ್ಚುತನಿಗೆ ಇಬ್ಬರು ಹೆಂಡಿರಿದ್ದರು ಎಂಬುದು ಬೆಳ್ಳಾರೆಗೇ ಗೊತ್ತು.

ಅಂದಿನಿಂದ ಎಲೆ ಕತ್ತರಿಸುತ್ತ ಕೇಳಿದಳು. ಮಧ್ಯಾಹ್ನ ಮಲಗುವ ಬದಲು ಅಕ್ಷರ ದೊಡ್ಡದು ಮಾಡಿಕೊಂಡು, ಕೇಳಿದ್ದನ್ನೇ ಮತ್ತೆ ಓದಿದಳು. ಒಂದು ವಿಷಯ ಅವಳಿಗೆ ಹಲ್ಲಿನ ಸಂದಿಯ ನಾರಿನಂತೆ ಉಳಿದುಬಿಟ್ಟಿತು. ಸಂಜೆಯ ಬಸ್ಸಿಳಿದು ಬಂದ ದೀಪಶ್ರೀ ಚಾ ಕುಡಿಯುವಾಗ ಕೇಳಿದಳು.

“ಮಗ, ಮೂರನೆಯ ರಾಣಿ ಎಲ್ಲಿ?”

“ಯಾರು?”

“ದೋಣಿಯವರ ಮಗಳು. ಜಲಜಾಕ್ಷಿ. ಅಪ್ಪನಿಗೆ ಸೌಖ್ಯ ಇಲ್ಲ ಅಂತ ತವರಿಗೆ ಹೋದಳಲ್ಲ. ನಾಲ್ಕನೆಯವಳು ಬಂದಳು, ಐದನೆಯವಳು ಬಂದಳು. ಇವಳು ಬರಲೇ ಇಲ್ಲ.”

ದೀಪಶ್ರೀ ಚಾದ ಲೋಟ ಕೆಳಗಿಟ್ಟಳು. “ಅಯ್ಯೋ ಅಜ್ಜಿ. ಅವಳು ಮರ್ತೇ ಹೋದಳು ನನಗೆ.”

“ಓದುವವರು ಕೇಳ್ಲಿಲ್ವಾ?”

“ಒಬ್ಬರೂ ಕೇಳ್ಲಿಲ್ಲ.”

“ರಾಜನೂ ಕೇಳ್ಲಿಲ್ಲ.”

“ಅವನಿಗೆ ಪುರುಸೊತ್ತು ಎಲ್ಲಿ ಅಜ್ಜಿ, ಯುದ್ಧದಲ್ಲಿ.” ದೀಪಶ್ರೀ ತಲೆ ಕೆರೆದುಕೊಂಡಳು. “ಈಗ ವಾಪಸು ಕರೆಸಿದ್ರೆ ಕಥೆ ಉದ್ದ ಆಗ್ತದೆ. ಒಂದು ಕೆಲಸ ಮಾಡ್ತೇನೆ. ತವರಲ್ಲಿ ಜ್ವರ ಬಂದು ತೀರಿಕೊಂಡಳು ಅಂತ ಒಂದು ಸಾಲು ಹಾಕಿದ್ರೆ ಮುಗೀತು.”

“ಒಂದು ಸಾಲು ಸಾಕಾ?”

“ಸಾಕಲ್ವಾ?”

ಸೇವಂತಿ ಬೀಡಿ ಎಲೆಯ ಚೂರನ್ನು ಗುಡಿಸಿ ಒಲೆಯ ಹತ್ತಿರ ಹಾಕಲು ಎದ್ದಳು. ಏಳುವಾಗ ಗೋಡೆ ಹಿಡಿಯಬೇಕಾಯಿತು.

ಈ ಮನೆಗೆ ನೀಲಾವತಿ ಎರಡನೆಯ ಹೆಂಡತಿಯಾಗಿ ಬಂದದ್ದು ಸೇವಂತಿಗೆ ಮಕ್ಕಳಾಗಲಿಲ್ಲವೆಂದು. ಅಚ್ಚುತ ಮರದ ಡಿಪೋದಲ್ಲಿ ದಿಮ್ಮಿಗೆ ನಂಬರು ಹೊಡೆಯುತ್ತಿದ್ದ, ಮಾತು ಕಡಿಮೆಯ ಮನುಷ್ಯ. ಒಂದು ಸಂಜೆ ಅವನ ಹಿಂದೆ ಟ್ರಂಕು ಹಿಡಿದು ಬಂದ ಹುಡುಗಿಗೆ ಕಾಲು ತೊಳೆಯಲು ನೀರು ಕೊಟ್ಟವಳು ಸೇವಂತಿಯೇ. ಅಂದು ಯಾರೂ ಯಾರನ್ನೂ ನೋಡಿ ನಗಲಿಲ್ಲ. ಮೊದಮೊದಲು ಇಬ್ಬರೂ ಬೆಕ್ಕಿನ ಮೂಲಕ ಮಾತಾಡಿದರು. “ಬೆಕ್ಕೇ, ಗಂಜಿ ಆಯ್ತು ಅಂತ ಹೇಳು.” “ಬೆಕ್ಕೇ, ನನಗೆ ಹಸಿವಿಲ್ಲ ಅಂತ ಹೇಳು.” ಬೆಕ್ಕು ಸತ್ತ ಮೇಲೆ ನೇರ ಮಾತಾಡದೆ ದಾರಿ ಇರಲಿಲ್ಲ.

ನೀಲಾವತಿಗೂ ಮಕ್ಕಳಾಗಲಿಲ್ಲ. ಅದರ ಅರ್ಥ ಏನೆಂದು ಇಬ್ಬರಿಗೂ ಗೊತ್ತಾಯಿತು. ಅಚ್ಚುತನಿಗೆ ಇಬ್ಬರೂ ಹೇಳಲಿಲ್ಲ. ಒಂದೇ ಮಾತನ್ನು ಇಬ್ಬರು ಹೊಟ್ಟೆಯಲ್ಲಿಟ್ಟುಕೊಂಡರೆ ಹೇಗೋ ಒಂದು ಸಲಿಗೆ ಬೆಳೆಯುತ್ತದೆ. ಒಬ್ಬಳು ಎಲೆ ಕತ್ತರಿಸುವುದು, ಒಬ್ಬಳು ಸುತ್ತುವುದು. ಒಬ್ಬಳ ತಲೆಯ ಹೇನು ಇನ್ನೊಬ್ಬಳು ತೆಗೆಯುವುದು. ಸಾಕ್ಷರತೆಯ ರಾತ್ರಿ ಶಾಲೆ ಶುರುವಾದಾಗ ಒಂದೇ ಟಾರ್ಚು, ಒಂದೇ ಸ್ಲೇಟು ಹಿಡಿದು ಇಬ್ಬರೂ ಹೋದರು. ಕಡಬದ ಕಡೆಯಿಂದ ಬಂದ ಮೇಷ್ಟ್ರು ಹೇಳಿದ್ದನ್ನು ನೀಲಾವತಿ ಒಂದೇ ಸಲಕ್ಕೆ ಹಿಡಿಯುವಳು. ಸೇವಂತಿ ಬರೆದದ್ದನ್ನು ನೋಡಿ, “ಅಕ್ಕ, ಇದು ಅಕ್ಷರವಾ, ಬೆಲ್ಲಕ್ಕೆ ಮುತ್ತಿದ ಇರುವೆಯಾ?” ಎನ್ನುವಳು. ದಾರಿಯಲ್ಲಿ ಒಮ್ಮೆ, “ಇನ್ನು ಯಾರಾದ್ರೂ ತವರಿಗೆ ಹೋದ್ರೆ ಕಾಗದ ಬರೀಬಹುದು ನಮಗೆ,” ಎಂದಿದ್ದಳು.

ಹೋದವಳು ಅವಳೇ. ತಾಯಿ ಹಾಸಿಗೆ ಹಿಡಿದರೆಂದು ಕೊಲ್ಲಮೊಗ್ರಿಗೆ ಹೊರಟಳು. ತಾಯಿ ಬೇಗ ತೀರಿಕೊಳ್ಳಲಿಲ್ಲ. ಆಮೇಲೆ ಅಣ್ಣನ ಹೆಂಡತಿಯ ಬಾಣಂತನ, ಆಮೇಲೆ ಇನ್ನೇನೋ. “ಬರ್ತಾಳೆ,” ಎನ್ನುತ್ತಿದ್ದ ಅಚ್ಚುತ. ಆಮೇಲೆ ಹಾಗೆನ್ನುವುದನ್ನೂ ಬಿಟ್ಟ. ಕರೆಯಬೇಕಾದವನು ಗಂಡನೆಂದು ಸೇವಂತಿ ಸುಮ್ಮನಿದ್ದಳು. ಇಬ್ಬರಿಗೆ ಅಡುಗೆ ಮಾಡುವುದು ಮೂವರಿಗೆ ಮಾಡುವುದಕ್ಕಿಂತ ಸುಲಭ. ಹಾಗೇ ಅಭ್ಯಾಸವಾಗಿ ಹೋಯಿತು. ಕಾಗದವನ್ನು ಯಾರೂ ಬರೆಯಲಿಲ್ಲ.

ಮರುದಿನ ಕದೀಜಮ್ಮ ಬಂದು ಕೂತವಳು ಮೊಬೈಲು ಇಡಲು ಬಿಡಲಿಲ್ಲ.

“ರಾಜ ಸ್ವಲ್ಪ ಕಾಯಲಿ. ನನ್ನ ಮಗ ನಿಯಾಝ್ ನಿನ್ನೆ ಪಿಕಪ್ ತಕ್ಕೊಂಡು ಕೊಲ್ಲಮೊಗ್ರಿಗೆ ಹೋಗಿದ್ದ, ಗುಜಿರಿ ಸಾಮಾನಿಗೆ. ಒಂದು ಮನೆಯಲ್ಲಿ ಹಳೆ ಹಂಡೆ, ಕೊಪ್ಪರಿಗೆ ಎಲ್ಲ ತೂಕಕ್ಕೆ ಹಾಕಿದ್ರಂತೆ. ನೋಡಿದ್ರೆ ನಿಮ್ಮ ನೀಲಾವತಿಯ ಮನೆ.”

ಸೇವಂತಿಯ ಕತ್ತರಿ ನಿಂತಿತು.

“ಅಣ್ಣ ಹೋದ ಮೇಲೆ ಅಣ್ಣನ ಮಕ್ಕಳು ಪಾಲು ಮಾಡ್ತಿದ್ದಾರಂತೆ. ಮನೆ ಒಬ್ಬನಿಗೆ, ಜಾಗೆ ಒಬ್ಬನಿಗೆ. ಮನೆ ಸಿಕ್ಕಿದವ ಅದನ್ನು ಕೆಡವಿ ಹೊಸತು ಕಟ್ಟುದಂತೆ. ಜಾಗೆ ಸಿಕ್ಕಿದವ ಸುಳ್ಯದಲ್ಲಿ ಬಾಡಿಗೆಗೆ ಇರುದು. ನೀಲಾವತಿ ಯಾರ ಪಾಲಿಗೂ ಬರ್ಲಿಲ್ಲ.”

“ಹಾಗಾದ್ರೆ ಅವಳು ಎಲ್ಲಿಗೆ?”

“ಯಾವುದೋ ಆಶ್ರಮ ವಿಚಾರಿಸ್ತಿದ್ದಾರಂತೆ. ಪಾತ್ರೆ ತೂಗುವಾಗ ಅವಳೇ ಬಂದು ನಿಯಾಝನ ಹತ್ರ ಕೇಳಿದಳಂತೆ. ‘ಬೆಳ್ಳಾರೆಯವನಾ ಮಗ ನೀನು? ಅಕ್ಕ ಈಗಲೂ ಬೀಡಿ ಕಟ್ತಾರಾ?’ ಅಂತ.” ಕದೀಜಮ್ಮ ನೂಲು ಕಚ್ಚಿ ತುಂಡು ಮಾಡಿದಳು. “ನೀವು ಒಮ್ಮೆ ಕರಿಬಾರದಾ ಸೇವಂತಿಯಕ್ಕ?”

“ಅವಳು ಬೊಜ್ಜಕ್ಕೇ ಬರ್ಲಿಲ್ಲ.”

ಇದು ಹಳೆಯ ಉತ್ತರ. ಅಚ್ಚುತ ಸತ್ತ ದಿನ ಸುದ್ದಿ ತಿಳಿದು ನೀಲಾವತಿ ಬಂದಿದ್ದಳು. ಹಿಂದಿನ ಜಗಲಿಯಲ್ಲಿ ಕೂತು, ಹೆಣ ಎತ್ತಿದ ಮೇಲೆ ಸಂಜೆಯ ಬಸ್ಸಿಗೆ ಹೋದಳು. ಉತ್ತರಕ್ರಿಯೆಯ ಊಟಕ್ಕೆ, ಬೊಜ್ಜಕ್ಕೆ, ಬರಲಿಲ್ಲ. ಸೇವಂತಿ ಬಾಗಿಲ ಕಡೆ ನೋಡಿ ನೋಡಿ ಕೊನೆಯ ಪಂಕ್ತಿಯಲ್ಲಿ ಉಂಡಳು. ತನ್ನ ಪಕ್ಕದಲ್ಲಿ ಒಂದು ಎಲೆ ಹಾಕಿಸಿದ್ದಳು. ಅದು ಹಾಗೇ ಉಳಿಯಿತು.

“ಹೇಳಿಕೆ ಕೊಟ್ಟಿದ್ರಾ?” ಎಂದಳು ಕದೀಜಮ್ಮ.

“ಎಂತ ಹೇಳಿಕೆ? ಮನೆಯವಳಿಗೆ ಯಾರಾದ್ರೂ ಹೇಳಿಕೆ ಕೊಡ್ತಾರಾ?”

ಈ ಕಡೆಯ ಕ್ರಮ ಕದೀಜಮ್ಮನಿಗೂ ಗೊತ್ತು. ಮದುವೆಯಿರಲಿ ಬೊಜ್ಜವಿರಲಿ, ಮನೆಯವರು ಖುದ್ದು ಹೋಗಿ ಕರೆಯಬೇಕು. ಅದೇ ಹೇಳಿಕೆ. ಹೇಳಿಕೆ ಬಾರದ ಮನೆಯವರು ಊಟಕ್ಕೆ ಹೋಗುವುದಿಲ್ಲ, ಎದುರು ಮನೆಯಾದರೂ ಸರಿ. ಹೇಳಿಕೆ ಬೇಡದವರು ಮನೆಯವರು ಮಾತ್ರ, ಯಾಕೆಂದರೆ ಅವರು ನೆಂಟರಲ್ಲ.

“ಸರಿ. ನೀವು ಅವಳನ್ನು ಮನೆಯವಳು ಅಂತ ಎಣಿಸಿ ಹೇಳಿಕೆ ಕೊಡ್ಲಿಲ್ಲ,” ಎಂದಳು ಕದೀಜಮ್ಮ ನಿಧಾನವಾಗಿ. “ಅವಳು ಎಂತ ಎಣಿಸಿರಬಹುದು? ನೆಂಟರ ಲೆಕ್ಕಕ್ಕೂ ನಾನಿಲ್ಲ ಅಂತ ಎಣಿಸಿರಬಹುದಲ್ವಾ?”

ಇಷ್ಟು ವರ್ಷ ಆ ಖಾಲಿ ಎಲೆಯನ್ನು ಸೇವಂತಿ ತನ್ನ ಕಡೆಯಿಂದ ಮಾತ್ರ ನೋಡಿದ್ದಳು. ಈಗ ಕೊಲ್ಲಮೊಗ್ರಿನ ಕಡೆಯಿಂದ ನೋಡಿದಳು. ಆ ದಿನ ಬೆಳಗ್ಗೆ ಮಿಂದು, ಒಳ್ಳೆಯ ಸೀರೆ ತೆಗೆದಿಟ್ಟು, ಯಾರಾದರೂ ಹೇಳಿಕೆಗೆ ಬರಬಹುದೇ ಎಂದು ಗೇಟಿನ ಕಡೆ ನೋಡುತ್ತ ಕೂತವಳು ಕಣ್ಣಿಗೆ ಕಂಡಳು. ಬಹಳ ಆಯಾಸವಾಯಿತು. ಕತ್ತರಿ ಕೆಳಗಿಟ್ಟಳು.

“ಹೋಗಿ ಹೇಳುವ ಅಂದ್ರೆ ಈ ಮಂಡಿ,” ಎಂದಳು. “ಅವರ ಮನೆಗೆ ರಸ್ತೆಯಿಂದ ಗುಡ್ಡ ಹತ್ತಬೇಕು. ಲತೀಶ ಕರ್ಕೊಂಡು ಹೋಗ್ತೇನೆ ಅಂತ ಹೇಳ್ತಾನೆ ಇರ್ತಾನೆ. ಕಾಗದ ಬರೆಯುವ ಅಂದ್ರೆ, ಕಾಗದದಲ್ಲಿ ಹೇಳಿಕೆ ಆಗುದಿಲ್ಲ.”

“ಹಾಗೆ ಹೇಳ್ತಾ ಹೇಳ್ತಾ ಹತ್ತು ಮಳೆಗಾಲ ಹೋಯ್ತಲ್ಲ ಮಾರಾಯ್ರೆ.”

ಅಂದು ಮಧ್ಯಾಹ್ನ ಉಂಡ ಮೇಲೆ ಸೇವಂತಿ ಕನ್ನಡಕ ಹಾಕಿ, ದೀಪಶ್ರೀ ಕೊಟ್ಟ ಹಾಳೆ ತೆಗೆದುಕೊಂಡು ಕೂತಳು. ಒಪ್ಪಿಕೊಂಡ ಕೆಲಸ ಮೊದಲು.

“ಮಗಳೇ ದೀಪಶ್ರೀ, ನಿನ್ನ ಕಥೆ ಪೂರ್ತಿ ಕೇಳಿದೆ, ಅರ್ಧ ಓದಿದೆ. ಕೈಯಲ್ಲಿ ಕೆಲಸ ಇದ್ದರೂ ಕಿವಿ ಬಿಡುವುದಿಲ್ಲ, ಅಷ್ಟು ಚೆನ್ನಾಗಿ ಎಳೆಯುತ್ತದೆ. ಪ್ರತಿ ಅಧ್ಯಾಯದ ಕೊನೆಗೆ ಬಾಗಿಲು ಅರ್ಧ ತೆರೆದು ಬಿಡುತ್ತಿ, ಅದು ನಿನಗೆ ಯಾರೂ ಕಲಿಸದ ವಿದ್ಯೆ. ಆ ಊರಿನ ಸಂತೆ ನಮ್ಮ ಬೆಳ್ಳಾರೆಯ ಸಂತೆಯ ಹಾಗೇ ಉಂಟು, ಮೀನಿನ ವಾಸನೆ ಬಂತು ನನಗೆ. ಯುದ್ಧ ಯಾವುದೂ ನನಗೆ ಅರ್ಥವಾಗಲಿಲ್ಲ, ಅದು ನನ್ನ ತಪ್ಪು. ಆದರೆ ಗುಹೆಯ ಮುದಿ ಡ್ರ್ಯಾಗನ್ನಿಗೆ ನೀನು ಕೆಮ್ಮು ಕೊಟ್ಟಿದ್ದಿ. ಬೆಂಕಿ ಉಗುಳುವ ಮೊದಲು ಅದು ಕೆಮ್ಮಿ ಸ್ವಲ್ಪ ಹೊತ್ತು ಸುಮ್ಮನೆ ಮಲಗುತ್ತದೆ. ಇಡೀ ಕಥೆಯಲ್ಲಿ ಆಯಾಸಪಟ್ಟದ್ದು ಅದೊಂದೇ. ಅದು ಸತ್ತಾಗ ಕದೀಜಮ್ಮನಿಗೂ ಬೇಜಾರಾಯಿತು.

“ಸರಿ ಇಲ್ಲದ್ದು ಹೇಳುತ್ತೇನೆ, ಸಿಟ್ಟಾಗಬೇಡ. ಏಳು ರಾಣಿಯರು ಉಂಟು, ಒಂದು ಅಡಿಗೆಮನೆ ಇಲ್ಲ. ಕೂದಲಿನ ಬಣ್ಣ ಬೇರೆ ಬೇರೆ, ಮಾತು ಏಳೂ ಜನರದ್ದು ಒಂದೇ. ರಾಜ ಕೋಣೆಯಿಂದ ಹೊರಗೆ ಹೋದ ಕೂಡಲೇ ನಿನ್ನ ಕಥೆಯೂ ಅವನ ಹಿಂದೆ ಹೋಗುತ್ತದೆ. ಒಳಗೆ ಉಳಿದವರು ಆಮೇಲೆ ಏನು ಮಾತಾಡಿದರು? ಅಲ್ಲಿಯೇ ಮಗ, ಕಥೆ ಇರುವುದು. ಗಂಡ ಎಷ್ಟು ಹೊತ್ತು ಇರುತ್ತಾನೆ ಮನೆಯಲ್ಲಿ? ಬದುಕಿನ ಹೆಚ್ಚು ಹೊತ್ತು ಅವರು ಒಬ್ಬರಿಗೊಬ್ಬರು. ಎರಡನೆಯವಳು ಬಂದಾಗ ಮೊದಲನೆಯವಳು ನಗುವುದಿಲ್ಲ. ಅಳುವುದೂ ಇಲ್ಲ. ಒಂದು ಲೋಟ ಅಕ್ಕಿ ಜಾಸ್ತಿ ಹಾಕುತ್ತಾಳೆ.

“ಮೂರನೆಯವಳನ್ನು ಒಂದು ಸಾಲಿನಲ್ಲಿ ಕೊಲ್ಲಬೇಡ.”

ಅಲ್ಲಿಗೆ ಪೆನ್ನು ನಿಂತಿತು. ಸೇವಂತಿ ಹಾಳೆಯನ್ನು ಮಡಚಿ ಬದಿಗಿಟ್ಟಳು. ಎದ್ದು, ಹಿತ್ತಲಿನ ಕಲ್ಲಿನ ಹತ್ತಿರ ಬಂಗುಡೆ ಹಸನು ಮಾಡುತ್ತಿದ್ದ ಭವಿತಾಳ ಬಳಿ ಹೋಗಿ ನಿಂತಳು.

“ಭವಿತಾ, ನೀಲಾವತಿಯನ್ನು ಕರೀಬೇಕು ಅಂತ ಉಂಟು. ಎರಡು ದಿನಕ್ಕಲ್ಲ. ಇರ್ಲಿಕ್ಕೆ.”

ಭವಿತಾ ಇನ್ನೊಂದು ಮೀನಿನ ತಲೆ ತೆಗೆದು ಬದಿಗೆ ಹಾಕಿದಳು. ಬೆಕ್ಕೊಂದು ಕಾಲಿಗೆ ಸುತ್ತುತ್ತಿತ್ತು.

“ಅವರು ಖಾರ ತಿಂತಾರಾ ಅತ್ತೆ?”

“ನನಗಿಂತ ಜಾಸ್ತಿ ತಿಂತಾಳೆ.”

“ಹಾಗಾದ್ರೆ ತೊಂದರೆ ಇಲ್ಲ. ನಿಮ್ಮೊಬ್ಬರಿಗೆ ಅಂತ ಸಪ್ಪೆ ಮಾಡಿ ಮಾಡಿ ನನಗೆ ಸಾಕಾಗಿದೆ. ಕೋಣೆ ನಿಮ್ಮದೇ, ಚಾಪೆ ಒಂದು ತರಿಸ್ಬೇಕು. ಇವರ ಹತ್ರ ನಾನು ಹೇಳ್ತೇನೆ, ನೀವು ಹೇಳ್ಬೇಡಿ. ನೀವು ಹೇಳಿದ್ರೆ ಆಲೋಚನೆ ಮಾಡ್ತಾರೆ.”

ಸೇವಂತಿ ಒಳಗೆ ಬಂದು ಇನ್ನೊಂದು ಹಾಳೆ ತೆಗೆದುಕೊಂಡಳು. ಈ ಕಾಗದವನ್ನು ಅವಳು ಮೊದಲೂ ಬರೆಯಲು ಕೂತದ್ದುಂಟು. ‘ನೀಲಾವತಿಗೆ’ ಎಂದು ಬರೆದು, ಮುಂದೆ ಸಿಟ್ಟು ಬರೆಯಬೇಕೋ ಸುಖ ಕೇಳಬೇಕೋ ತಿಳಿಯದೆ, ಹಾಳೆ ಒಲೆಗೆ ಹೋಗುತ್ತಿತ್ತು. ಈ ಸಲ ಸಿಟ್ಟು ಹುಡುಕಿದರೂ ಸಿಗಲಿಲ್ಲ. ಅದೂ ಅವಳ ಹಾಗೇ ಮುದಿಯಾಗಿ ಎಲ್ಲೋ ಮಲಗಿತ್ತು.

ಸಂಜೆ ದೀಪಶ್ರೀ ಬಸ್ಸಿನವರೆಗೆ ಕಾಯದೆ ನಿಂತಲ್ಲೇ ವಿಮರ್ಶೆ ಓದಿದಳು. ಮುಖ ಕೆಂಪಾಯಿತು. ಕೊನೆಯ ಸಾಲನ್ನು ಎರಡು ಸಲ ಓದಿದಳು.

“ಅಡಿಗೆಮನೆ ಹಾಕಿದ್ರೆ ಬ್ರೋಗಳು ಓಡಿ ಹೋಗ್ತಾರೆ ಅಜ್ಜಿ.”

“ಹೋಗಲಿ. ಹಸಿವಾದಾಗ ಬರ್ತಾರೆ.”

“ಹಾಗಾದ್ರೆ ಜಲಜಾಕ್ಷಿಯನ್ನು ಕರ್ಕೊಂಡು ಬರ್ಲಿಕ್ಕೆ ರಾಜ ಹೋಗ್ಬೇಕಾ?”

“ಅವ ಹೋಗುದಿಲ್ಲ. ಅವನಿಗೆ ನೆನಪೇ ಇಲ್ಲ. ಮೊದಲನೆಯವಳು ಕರೀಬೇಕು,” ಎಂದ ಸೇವಂತಿ, ಮಡಿಲಿನಿಂದ ಎರಡನೆಯ ಕಾಗದ ತೆಗೆದಳು. ಲಕೋಟೆಗೆ ಅಂಟು ಹಚ್ಚಿರಲಿಲ್ಲ. “ಇದು ಅಂಚೆಗೆ ಹಾಕುವಂಥದ್ದಲ್ಲ. ಹೇಳಿಕೆಗೆ ಮನೆಯವರೇ ಹೋಗ್ಬೇಕು. ನನಗೆ ಗುಡ್ಡ ಹತ್ಲಿಕ್ಕೆ ಆಗುದಿಲ್ಲ. ಆದಿತ್ಯವಾರ ನಿನಗೆ ರಜೆಯಲ್ಲ?”

ದೀಪಶ್ರೀ ಕಾಗದ ಬಿಡಿಸಿ ನೋಡಿದಳು. ಇರುವೆ ಸಾಲಿನಂಥ ಅಕ್ಷರ.

“ನೀಲಾವತಿಗೆ, ಅಕ್ಕ ಬರೆಯುವುದು. ಮನೆಯವಳಿಗೆ ಹೇಳಿಕೆ ಇಲ್ಲ ಎಂದು ಅವರ ಬೊಜ್ಜಕ್ಕೆ ನಾನು ಹೇಳಿಕೆ ಕಳಿಸಲಿಲ್ಲ. ಎಲೆ ಹಾಕಿಸಿದ್ದೆ. ಈಗ ಹೇಳಿಕೆ ಕಳಿಸುತ್ತಿದ್ದೇನೆ. ಮದುವೆ ಇಲ್ಲ, ಬೊಜ್ಜ ಇಲ್ಲ, ಯಾವ ಕಾರ್ಯಕ್ರಮವೂ ಇಲ್ಲ. ಟ್ರಂಕು ತೆಗೆದುಕೊಂಡು ಬರಬೇಕು. ಬೀಡಿ ಈಗಲೂ ಕಟ್ಟುತ್ತೇನೆ, ಎಲೆಯ ನರ ಕಾಣುವುದಿಲ್ಲ. ತರುವವಳು ನಮ್ಮ ಹುಡುಗಿ.”

ದೀಪಶ್ರೀ ಕಾಗದದಿಂದ ತಲೆ ಎತ್ತಲಿಲ್ಲ. “ಅಜ್ಜ ತೀರಿಕೊಂಡ ದಿನ ಹಿಂದಿನ ಜಗಲಿಯಲ್ಲಿ ಕೂತಿದ್ದ ಅಜ್ಜಿಯಲ್ವಾ? ನಾನು ಅವರಿಗೆ ನೀರು ಕೊಟ್ಟಿದ್ದೆ.” ಕಾಗದವನ್ನು ಮತ್ತೆ ಲಕೋಟೆಗೆ ಸೇರಿಸುತ್ತ, “ಬರದಿದ್ರೆ?” ಎಂದಳು.

“ಬರದಿದ್ರೆ ಅವಳಿಷ್ಟ. ಹೇಳಿಕೆ ಬರ್ಲಿಲ್ಲ ಅಂತ ಆಗ್ಬಾರದು.”

ಆದಿತ್ಯವಾರ ಬೆಳಗ್ಗೆ ಕದೀಜಮ್ಮ ತನ್ನ ಪಾಲಿನದ್ದೆಂದು ಒಂದು ಡಬ್ಬ ಪತ್ತಿರಿ, ಅಕ್ಕಿಯ ತೆಳು ರೊಟ್ಟಿ, ಕೊಟ್ಟಳು. ಬರಿಗೈಯಲ್ಲಿ ಹೇಳಿಕೆಗೆ ಹೋಗಬಾರದೆಂದು ಭವಿತಾ ಬಾಳೆಹಣ್ಣು ಕಟ್ಟಿದಳು. ಸೇವಂತಿ ಕೋಲೂರಿಕೊಂಡು ಪೇಟೆಯವರೆಗೆ ನಡೆದಳು, ನಡುವೆ ಹಾರ್ಡ್‌ವೇರ್ ಅಂಗಡಿಯ ಮೆಟ್ಟಿಲಿನಲ್ಲಿ ಒಮ್ಮೆ ಕೂತಳು. ಕೊಲ್ಲಮೊಗ್ರಿನ ದಾರಿಯ ಗುತ್ತಿಗಾರಿನ ಬಸ್ಸು ಬಂತು. ದೀಪಶ್ರೀ ಕಿಟಕಿಯ ಹತ್ತಿರ ಕೂತು ಬ್ಯಾಗು ತೊಡೆಯ ಮೇಲಿಟ್ಟುಕೊಂಡಳು.

“ಕಾಗದ ಉಂಟಾ?”

“ಉಂಟು ಅಜ್ಜಿ.”

“ಕೈಗೆ ಕೊಡು. ಅಣ್ಣನ ಮಕ್ಕಳ ಕೈಗೆ ಕೊಡ್ಬೇಡ. ಬಾಯಲ್ಲೂ ಒಂದು ಸಲ ಹೇಳು, ಮನೆಯಿಂದ ಬಂದದ್ದು ಅಂತ.”

ಕಂಡಕ್ಟರ್ ಸೀಟಿ ಊದಿದ. ದೀಪಶ್ರೀ ಬ್ಯಾಗಿನ ಜಿಪ್ ತೆಗೆದು, ಲಕೋಟೆಯ ತುದಿಯನ್ನು ಕಿಟಕಿಯಿಂದ ತೋರಿಸಿದಳು. ಬಸ್ಸು ಹೊರಟಿತು.